ಎಲ್ಲರೂ ಉಲ್ಲೇಖಿಸಿದ ಪೇಪರ್

“ಸ್ಲೈಡ್ ಕೆಳಗಿಡಿ. ಕೈ ನಡುಗ್ತಿದೆ ನಿಮ್ಮದು.”

ರಕ್ತರೋಗಗಳ ಲ್ಯಾಬಿಗೆ ಸಂಶೋಧಕಿಯಾಗಿ ಸೇರಿದ ದಿನ ಡಾಕ್ಟರ್ ಅವಳಿಗೆ ಆಡಿದ ಮೊದಲ ಮಾತು ಅದು. ಅವನ ಸಂಶೋಧನಾ ಪೇಪರುಗಳನ್ನು ಓದಿಕೊಂಡೇ ಅವಳು ಇಲ್ಲಿಯವರೆಗೆ ಬಂದಿದ್ದಳು.

“ಯಾತಕ್ಕೆ ಹೆದರ್ತಿದ್ದೀರಿ? ನನಗಾ, ರಕ್ತಕ್ಕಾ?”

“ರಕ್ತಕ್ಕೆ ಹೆದರಲ್ಲ ಸರ್...”

ಅವನು ನಕ್ಕುಬಿಟ್ಟ. ಅಂದಿನಿಂದ ಅವಳು ಲ್ಯಾಬಿಗೆಲ್ಲ ‘ಪುಕ್ಕಲಿ’. ಆ ನಗುವಿಗೆ ಅವಳು ಮನಸೋತದ್ದು ಅವಳಿಗಿಂತ ಮೊದಲು ಉಳಿದವರಿಗೆ ಗೊತ್ತಾಗಿತ್ತು.

ವರ್ಷ ಕಳೆದ ಮೇಲೆ ಅದೇ ಕೈ ಮತ್ತೆ ನಡುಗುತ್ತಿತ್ತು.

ಮೈಕ್ರೋಸ್ಕೋಪಿನ ಕೆಳಗೆ ಇದ್ದದ್ದು ವಾರ್ಡಿನಲ್ಲಿ ಮಲಗಿದ್ದ ಹೊಲಿಗೆ ಟೀಚರ್ ಒಬ್ಬರ ರಕ್ತ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಆಕೆಗೆ ತೀರಾ ಕಡಿಮೆ ಎಂದು ಯಂತ್ರ ಹೇಳಿತ್ತು. ಅವನ್ನು ನಾಶಮಾಡುವ ಅಂಗವೆಂದು ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ತೆಗೆಯುವ ಆಪರೇಷನ್ ನಾಳೆ ಬೆಳಿಗ್ಗೆ. “ದಿನಾ ಬೆರಳಿಗೆ ಸೂಜಿ ಚುಚ್ಕೋತೀನಿ, ಒರೆಸೋದ್ರೊಳಗೆ ರಕ್ತ ನಿಲ್ಲುತ್ತೆ. ಇದೆಂಥ ಕಾಯಿಲೆನಮ್ಮಾ?” ಎಂದು ಆಕೆ ನಕ್ಕಿದ್ದೇ ಅವಳ ತಲೆ ಕೊರೆದಿತ್ತು.

ಸ್ಲೈಡಿನಲ್ಲಿ ಪ್ಲೇಟ್‌ಲೆಟ್‌ಗಳು ಬೇಕಾದಷ್ಟಿದ್ದವು... ಗುಂಪುಗುಂಪಾಗಿ ಅಂಟಿಕೊಂಡು. ರಕ್ತ ಹೆಪ್ಪುಗಟ್ಟದಿರಲೆಂದು ಟ್ಯೂಬಿನಲ್ಲಿ ಹಾಕಿದ್ದ ಔಷಧಿಗೆ ಹಾಗೆ ಅಂಟಿಕೊಂಡಿದ್ದವು, ಅಷ್ಟೇ. ಗುಂಪನ್ನು ಎಣಿಸಲಾರದೆ ಯಂತ್ರ ‘ಕಡಿಮೆ’ ಎಂದಿತ್ತು.

ಆಕೆಗೆ ಕಾಯಿಲೆಯೇ ಇರಲಿಲ್ಲ.

ಆ ಕಾಯಿಲೆಯನ್ನು ಕಂಡುಹಿಡಿದು ಹೆಸರಿಟ್ಟವನೇ ಡಾಕ್ಟರ್! ಸಾವಿರಾರು ಸಂಶೋಧಕರು ಉಲ್ಲೇಖಿಸಿದ್ದ ಅವನ ಪೇಪರ್... ಅದನ್ನು ನೋಡಿಯೇ ಅವನನ್ನು ನಿರ್ದೇಶಕನ ಹುದ್ದೆಯ ಇಂಟರ್‌ವ್ಯೂಗೆ ಕರೆದಿದ್ದರು. ಅವಳು ಪೇಪರಿನ ಕಾಲದ ಹಳೆಯ ಸ್ಲೈಡುಗಳನ್ನು ಹುಡುಕಿ ನೋಡಿದಳು. ಅವುಗಳಲ್ಲೂ ಅದೇ ಗುಂಪು. ಅವನು ಹೆಸರಿಟ್ಟ ಕಾಯಿಲೆಯೇ ಇರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಬೆಕ್ಕಿಗೆ ಗಂಟೆ ಕಟ್ಟೋಕೆ ನೀನೇ ಆಗ್ಬೇಕಾ? ಅದೂ ನೀನು ಇಷ್ಟಪಟ್ಟ ಬೆಕ್ಕಿಗೆ?”

“ಆ ಟೀಚರನ್ನ ಸುಮ್‌ಸುಮ್ನೆ ಕೊಯ್ತಾರಕ್ಕಾ...”

“ಹಾಗಾದ್ರೆ ಹೋಗು. ಆಮೇಲೆ ಅಳೋದಿದ್ರೆ ನನ್ನ ಹತ್ರ ಬಾ.”

ಅವಳು ಹೇಳಿದ್ದನ್ನೆಲ್ಲ ಡಾಕ್ಟರ್ ಕೇಳಿಸಿಕೊಂಡ.

“ನಾಳಿದ್ದು ನನ್ನ ಇಂಟರ್‌ವ್ಯೂ. ಇವತ್ತೇ ಹಳೇದು ಕೆದಕಬೇಕು ಅನ್ನಿಸ್ತಾ? ಆ ಹುದ್ದೆ ಬೇಕಾದೋರಲ್ಲಿ ಯಾರು ಕಳಿಸಿದ್ದು ನಿಮ್ಮನ್ನ?”

“ಬೇರೆ ಔಷಧಿಯ ಟ್ಯೂಬಲ್ಲಿ ರಕ್ತ ತಗೊಂಡು ನೋಡಿ. ನನ್ನದು ತಪ್ಪಾದ್ರೆ ನಾನೇ ಇಲ್ಲಿಂದ ಹೋಗ್ತೀನಿ.”

“ತಪ್ಪಾಗದಿದ್ರೆ ನಾನು ಹೋಗ್ಬೇಕು. ಅಲ್ವಾ?”

ಅವಳು ಸ್ಲೈಡನ್ನು ಅವನ ಮೇಜಿನ ಮೇಲಿಟ್ಟಳು. ‘ಇವರನ್ನ ಕಳ್ಕೊಂಡೆ...’ ಎಂದುಕೊಳ್ಳುತ್ತ ಹೊರಬಂದಳು.

ಬೆಳಿಗ್ಗೆ ವಾರ್ಡಿಗೆ ಓಡಿದಳು. ಸ್ಟ್ರೆಚರಿಗೆ ಅಡ್ಡ ಮಲಗಿಯಾದರೂ ಆಪರೇಷನ್ ತಡೆಯಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಟೀಚರ್ ಮಂಚ ಖಾಲಿಯಾಗಿತ್ತು. ಅವಳು ನರ್ಸನ್ನು ಹಿಡಿದು ನಿಲ್ಲಿಸಿದಳು.

“ಆಪರೇಷನ್‌ಗೆ ಕರ್ಕೊಂಡು ಹೋಗಿಬಿಟ್ರಾ?”

“ಆಪರೇಷನ್ ರದ್ದಾಯ್ತಲ್ಲ, ಅವರ ಮನೆಯವರು ಕರ್ಕೊಂಡು ಹೋದ್ರು,” ಎಂದಳು ನರ್ಸ್. “ರಾತ್ರಿನೇ ಡಾಕ್ಟರ್ ತಾವೇ ಬಂದು ರಕ್ತ ತೆಗೆದ್ರು. ಅಭ್ಯಾಸ ತಪ್ಪಿದೆ ನೋಡಿ, ಮೂರು ಕಡೆ ಚುಚ್ಚಿದ್ರು. ‘ಸೂಜಿ ಇತ್ತ ಕೊಡಿ, ಇದು ನನ್ನ ಕಸುಬು’ ಅಂದ್ರು ಟೀಚರ್.”

ಅವನು ಕಾರಿಡಾರಿನ ಕೊನೆಯ ಬೆಂಚಿನ ಮೇಲಿದ್ದ.

“ಪ್ಲೇಟ್‌ಲೆಟ್ ಸರಿಯಾಗೇ ಇದೆ. ಪೇಪರ್ ವಾಪಸ್ ತಗೊಳ್ತೀನಿ ಅಂತ ಜರ್ನಲ್‌ಗೆ ಬರೆದೆ. ಇಂಟರ್‌ವ್ಯೂಗೂ ಹೋಗಲ್ಲ.” ಅವನು ತಲೆ ತಗ್ಗಿಸಿದ. “ನಿನ್ನೆ ಆಡಿದ ಮಾತು...”

“ಅದನ್ನೂ ವಾಪಸ್ ತಗೊಳ್ಳಿ.”

“ತಗೊಂಡೆ.” “ಅಷ್ಟು ಜನ ಉಲ್ಲೇಖಿಸಿದ್ರು. ಸ್ಲೈಡ್ ನೋಡಿದೋಳು ನೀನೊಬ್ಬಳೇ. ನಿನಗೆ ಹೆದರಿಕೆ ಆಗ್ಲಿಲ್ವಾ?”

“ಈಗ್ಲೂ ಆಗ್ತಿದೆ... ನೀವು ಎಲ್ಲಿಗಾದ್ರೂ ಹೊರಟುಹೋಗ್ತೀರೇನೋ ಅಂತ.”

ಅವನು ಅವಳನ್ನೇ ನೋಡಿದ. “ಹುದ್ದೆ ಹೋಯ್ತು, ಹೆಸರು ಹೋಗುತ್ತೆ. ಎಲ್ಲಿಗೆ ಹೋದ್ರೂ... ನನ್ನ ಜೊತೆ ಬರ್ತೀಯಾ?”

ಅವನು ಚಾಚಿದ ಕೈಯನ್ನು ಅವಳು ಕಣ್ಣು ತುಂಬಿಕೊಂಡು ನೋಡಿದಳು.

“ಕೈ ನಡುಗ್ತಿದೆ ನಿಮ್ಮದು.”

“ಹಿಡ್ಕೋ ಮತ್ತೆ, ಪುಕ್ಕಲಿ.”

ಅವಳು ಹಿಡಿದುಕೊಂಡಳು.