ಸುಪಾರ್ಶ್ವನ ಎರಡನೆಯ ಅಪ್ಪ

ಊರವರ ಅಪ್ಪ-ಅವ್ವಂದಿರನ್ನೆಲ್ಲ ಹಡಗು ಹತ್ತಿಸಿದವನು ಶಿವಯೋಗೆಪ್ಪ. ಅವನನ್ನು ಹಡಗು ಹತ್ತಿಸುವವರು ಮಾತ್ರ ಯಾರೂ ಇರಲಿಲ್ಲ, ಏಕೆಂದರೆ ಅವನಿಗೆ ಮಕ್ಕಳಿರಲಿಲ್ಲ.

ಮುಧೋಳದ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಚಾಪೆ ಹಾಸಿಕೊಂಡು ಅವನು ಇಪ್ಪತ್ತೆರಡು ವರ್ಷ ಅರ್ಜಿ ಬರೆದಿದ್ದ. ಮೊದಮೊದಲು ಹೊಲದ ತಕರಾರು, ಬಾವಿಯ ತಕರಾರು. ಆಮೇಲೆ ಸುತ್ತಿನ ಹುಡುಗರು ಮುಂಬಯಿ ದಾಟಿ ಆಫ್ರಿಕಾಕ್ಕೆ ಅರಿವೆ ಅಂಗಡಿಗಳ ಗುಮಾಸ್ತರಾಗಿ ಹೋಗತೊಡಗಿದರು. ನಾಲ್ಕು ವರ್ಷ ಕಳೆಯುವುದರೊಳಗೆ ಒಬ್ಬೊಬ್ಬರಿಗೂ ಅವ್ವನ ಕೈಯ ರೊಟ್ಟಿ ನೆನಪಾಗಿ, ತಂದೆತಾಯಿಗಳನ್ನು ಕರೆಸಿಕೊಳ್ಳುವ ಕಾಗದಗಳು ಶಿವಯೋಗೆಪ್ಪನ ಚಾಪೆಗೆ ಬಂದವು. ಧೋತರದ ಕಚ್ಚೆ ನೆಟ್ಟಗೆ ಹಾಕಲು ಬಾರದ ಮುದುಕರು ಅವನ ಅರ್ಜಿಯ ಬಲದಿಂದ ಸಮುದ್ರ ದಾಟಿದರು, ದಾಟಿ, ಇಲ್ಲಿ ತೆಂಗಿನಕಾಯಿ ಬಲು ಸೋವಿ ಎಂದು ಅವನಿಗೇ ಕಾರ್ಡು ಬರೆಸಿ ಹಾಕಿದರು. ಅದನ್ನು ಓದಿದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಮರಾಠಿಯ ಮೋಡಿ ಲಿಪಿ ಬರೆಯಬಲ್ಲ, ಇಂಗ್ಲಿಷ್ ಬರೆಯಬಲ್ಲ, ಕಾಯಿದೆಯ ಸಂದಿಗೊಂದಿ ಬಲ್ಲ ತಾನು ಬೇವಿನಕಾಯಿ ಆರಿಸುತ್ತ ಕೂತಿರಬೇಕು, ಇವರು ತೆಂಗಿನಕಾಯಿ ಒಡೆಯಬೇಕು!

ದಾರಿಗಳು ಅವನಿಗೆ ಬಾಯಿಪಾಠ. ಒಂದು, ನೋಡಿಬರುವ ಪರವಾನಗಿ. ಆರು ತಿಂಗಳು ಮಗನ ಮನೆಯಲ್ಲಿ ಉಂಡು ತಿರುಗಿ ಬರಬೇಕು, ತಿರುಗಿ ಬರುವ ಟಿಕೇಟು ಹೋಗುವ ಮೊದಲೇ ತೋರಿಸಬೇಕು. ಇನ್ನೊಂದು, ಮಗನ ಆಶ್ರಯದಲ್ಲಿರುವ ತಂದೆತಾಯಿಯ ಪರವಾನಗಿ. ಅರವತ್ತು ದಾಟಿರಬೇಕು, ಊರಲ್ಲಿ ನೋಡಿಕೊಳ್ಳಲು ಬೇರೆ ಮಗ ಇರಬಾರದು, ಅಲ್ಲಿಂದ ಜಾಮೀನು ಬಂದಿರಬೇಕು. ಅದು ಸಿಕ್ಕರೆ ಸಾಯುವ ತನಕ ಅಲ್ಲೇ ಇರಬಹುದು. ಸ್ವಂತ ದುಡ್ಡಿನ ಮೇಲೆ ಹೋಗುವ ಮೂರನೆಯ ದಾರಿಯೂ ಇತ್ತು, ಆದರೆ ಅದು ಸಾವ್ಕಾರರ ಮಾತು. ಅರ್ಜಿ ಬರೆದು ಬರೆದು ಬೆನ್ನು ಬಾಗಿದ ಗುಮಾಸ್ತನಿಗೆ ದಾರಿ ತೋರಿಸಬೇಕೆಂದು ಯಾವ ಸರಕಾರಕ್ಕೂ ಹೊಳೆದಿರಲಿಲ್ಲ.

ಹೀಗಿರುವಾಗ ಬನಹಟ್ಟಿಯ ಪಾರಿಸಪ್ಪ ಬಂದ. ನೇಕಾರಿಕೆಯ ಜೈನ ಮುದುಕ, ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದ. ಬನಹಟ್ಟಿಯಲ್ಲಿ ಕಾಗದ ಬಿಚ್ಚಿದರೆ ಊರೆಲ್ಲ ಓದುತ್ತದೆ ಎಂದು ಇಲ್ಲಿಗೆ ತಂದಿದ್ದ. ಅವನ ಒಬ್ಬನೇ ಮಗ ಸುಪಾರ್ಶ್ವ ದಾರ್-ಎಸ್-ಸಲಾಮಿನಿಂದ ಅಪ್ಪ-ಅವ್ವ ಇಬ್ಬರಿಗೂ ಆ ಎರಡನೆಯ ಬಗೆಯ ಪರವಾನಗಿಯನ್ನೇ ಕಳಿಸಿದ್ದ. ಪಾರಿಸಪ್ಪನಿಗೆ ಅದು ಬೇಡವಾಗಿತ್ತು.

"ಹಡಗಿನ್ಯಾಗ ಅಷ್ಟ ದಿನಾ ಸೋಸಿದ ನೀರು ಯಾರ ಕೊಡತಾರ್ರಿ? ಹೊತ್ತು ಮುಣಗೂದ್ರಾಗ ಊಟಕ್ಕ ಯಾರ ಹಾಕತಾರ? ನಮಗ ನಮ್ಮ ಮಗ್ಗಾ, ನಮ್ಮ ಬಸದಿ ಛಲೋ ಐತಿ. ಒಲ್ಲೆವು ಅಂತ ಬರೀರಿ. ಆದ್ರ ಹುಡುಗನ ಮನಸ್ಸಿಗೆ ಹತ್ತಬಾರದು, ಹಂಗ ಬರೀರಿ."

ಹಾಗೆಯೇ ಬರೆಯುತ್ತೇನೆಂದು ಶಿವಯೋಗೆಪ್ಪ ಕಾಗದಗಳನ್ನು ತೆಗೆದುಕೊಂಡ. ಸಂಜೆಯವರೆಗೆ ಅವನ್ನು ಮೂರು ಸಲ ಓದಿದ. ಹೆಸರಿತ್ತು, ವಯಸ್ಸಿತ್ತು, ಊರಿತ್ತು. ಫೋಟೋ ಇರಲಿಲ್ಲ, ಅದನ್ನು ಇನ್ನು ಮೇಲೆ ಜಮಖಂಡಿಯ ಕಚೇರಿಯಲ್ಲಿ ಗುರುತಿನ ವಿಚಾರಣೆಯಾದ ಮೇಲೆ ಹಚ್ಚಬೇಕಿತ್ತು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, ಮುಧೋಳದ್ದು ಬೇರೆಯೇ ಸಂಸ್ಥಾನ. ಪಾರಿಸಪ್ಪ ಜನ್ಮದಲ್ಲಿ ಜಮಖಂಡಿಯ ಕಚೇರಿ ಮೆಟ್ಟಿಲು ಹತ್ತಿದವನಲ್ಲ, ಶಿವಯೋಗೆಪ್ಪನ ಮುಖವೂ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ದಿನ ತನಗೆ ಮಗನಿಲ್ಲವೆಂದು ಕೊರಗಿದ್ದು ದಡ್ಡತನವೆನ್ನಿಸಿತು. ಮಗ ಟಪಾಲಿನಲ್ಲಿ ಬಂದಿದ್ದ.

ಆ ರಾತ್ರಿಯೇ ಸುಪಾರ್ಶ್ವನಿಗೆ ಪತ್ರ ಹೋಯಿತು: ನಾನೂ ನಿಮ್ಮ ಅವ್ವನೂ ಬರುತ್ತೇವೆ, ಟಿಕೇಟುಗಳನ್ನು ಮುಧೋಳದ ಅರ್ಜಿ ಬರೆಯುವ ಶಿವಯೋಗೆಪ್ಪನವರ ಕಡೆಗೆ ಕಳಿಸು, ಅವರು ಬಲು ನಂಬಿಗಸ್ತರು. ಪಾರಿಸಪ್ಪನಿಗೆ, ಹುಡುಗನ ಮನಸ್ಸು ನೋಯದ ಹಾಗೆ ಬರೆದಿದ್ದೇನೆ ಎಂದು ಹೇಳಿ ಕಳಿಸಿದ. ಅದೇನೂ ಸುಳ್ಳಾಗಿರಲಿಲ್ಲ. ಟಿಕೇಟು ಬಂದವು. ಹಡಗು ಮೊದಲು ಮೊಂಬಾಸಾದಲ್ಲಿ ನಿಲ್ಲುತ್ತಿತ್ತು. ಅಲ್ಲಿ ಊರು ನೋಡಲು ಇಳಿದ ಮುದುಕ ತಿರುಗಿ ಹತ್ತಲಿಲ್ಲವೆಂದು ಯಾರು ಎಣಿಸಿಯಾರು? ಮೂರು ಲಿಪಿ ಬಲ್ಲ ಗುಮಾಸ್ತನನ್ನು ಯಾವ ಅಂಗಡಿಯವನು ಬೇಡವೆಂದಾನು? ಆ ಹುಡುಗ ಮುಂದಿನ ಬಂದರದಲ್ಲಿ ಹೂಮಾಲೆ ಹಿಡಿದು ನಿಂತಿರುತ್ತಾನೆ. ನಿಲ್ಲಲಿ, ಪರದೇಶದಲ್ಲಿ ಹೂವು ಬಾಡುವುದಕ್ಕೆ ಹೊತ್ತು ಹಿಡಿಯುತ್ತದೆಯಂತೆ.

ಅಪ್ಪನ ಜೊತೆ ಅವ್ವನೂ ವಿಚಾರಣೆಗೆ ನಿಲ್ಲಬೇಕೆಂಬುದೊಂದೇ ತೊಡಕು. ಹೆಂಡತಿ ಕಸ್ತೂರೆವ್ವನನ್ನು ಅವನು ಒಂದು ಗಳಿಗೆ ನೆನೆದು ಬಿಟ್ಟುಬಿಟ್ಟ. ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವಾಗಲೂ ಹುಳುಕನ್ನು ತಾನೇ ತೋರಿಸುವ ಹೆಂಗಸು. ಶ್ರೀಶೈಲಕ್ಕೆ ಹೋಗಿ ಬರುತ್ತೇನೆಂದು ಅವಳಿಗೆ ಹೇಳಿದ. ಅವಳು ಎರಡು ದಿನ ಕೂತು ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಗಂಟು ಕಟ್ಟಿಕೊಟ್ಟಳು. ತನ್ನ ಹೆಸರಿನಲ್ಲೂ ಮಲ್ಲಯ್ಯನಿಗೆ ಒಂದು ಕಾಯಿ ಒಡೆಸಬೇಕೆಂದಳು. ಶಿವಯೋಗೆಪ್ಪನಿಗೆ ನಾಚಿಕೆಯಾಯಿತು. ಆದರೆ ರೊಟ್ಟಿ ಹಡಗಿನ ದಾರಿಗೆ ಸಾಲುತ್ತವೆಯೋ ಇಲ್ಲವೋ ಎಂದು ಎಣಿಸಿಯೂ ನೋಡಿದ.

ಅವ್ವ ಸಿಕ್ಕಿದ್ದು ಮಹಾಲಿಂಗಪುರದಲ್ಲಿ. ಅಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿ ಮುರಿದುಬಿದ್ದು, ರಾಜಮಾತೆಯ ಪಾರ್ಟು ಮಾಡುತ್ತಿದ್ದ ಹೀರಾ ಎಂಬ ಹೆಂಗಸು ಒಂದು ಟ್ರಂಕಿನ ಜೊತೆ ಉಳಿದುಬಿಟ್ಟಿದ್ದಳು. ಎಂಟನೆಯ ವಯಸ್ಸಿಗೇ ಕಂಪನಿ ಸೇರಿದವಳು, ಮದುವೆ ಆಗಿರಲಿಲ್ಲ, ಊರು ಯಾವುದೆಂದು ಅವಳಿಗೇ ನೆನಪಿರಲಿಲ್ಲ. ಕೆಲಸ ಏನೆಂದು ಕೇಳಿ ಅವಳು ನಕ್ಕಳು.

"ಇಷ್ಟ ವರ್ಷ ಬಣ್ಣ ಹಚಗೊಂಡು ತಾಯಿ ಆಗೇನ್ರಿ. ಬಣ್ಣ ಇಲ್ಲದ ಒಮ್ಮೆ ಆಗಿ ನೋಡೂಣು."

ಹದಿನೈದು ದಿನ ತಾಲೀಮು ನಡೆಯಿತು. ಪಾರಿಸಪ್ಪನ ಹೆಂಡತಿ ಅಕ್ಕವ್ವನ ತವರು ತೇರದಾಳ, ಅಣ್ಣಂದಿರು ಇಬ್ಬರು, ಮನೆಯಲ್ಲಿ ಮಗ್ಗ ಮೂರು, ಸುಪಾರ್ಶ್ವನ ಎಡ ಹುಬ್ಬಿನ ಮೇಲೆ ಲಾಳಿ ಬಡಿದ ಗಾಯ. ಇವನ್ನೆಲ್ಲ ಶಿವಯೋಗೆಪ್ಪ ಪಾರಿಸಪ್ಪನ ಬಾಯಿಂದಲೇ ಚಹಾ ಕುಡಿಸುತ್ತ ಹೊರಡಿಸಿದ್ದ. ಹೀರಾ ಪ್ರಶ್ನೆ ಮುಗಿಯುವ ಮುನ್ನ ಉತ್ತರ ಕೊಡುತ್ತಿದ್ದಳು. ತಡವರಿಸುವುದು ಸುಳ್ಳಿನ ಗುರುತು, ಖರೆ ಮಾತು ಥಟ್ಟನೆ ಬರುತ್ತದೆ ಎಂಬುದು ಅವನ ಸಿದ್ಧಾಂತ. ಸಾಕ್ಷಿದಾರರ ಬಾಯಿ ನೋಡಿ ನೋಡಿ ಕಟ್ಟಿದ ಸಿದ್ಧಾಂತ ಅದು.

ತನ್ನನ್ನೂ ಅವನು ಬಿಡಲಿಲ್ಲ. ಹಣೆಯ ವಿಭೂತಿಯ ಬಿಳಿ ಪಟ್ಟಿ ಹೋಗಬೇಕೆಂದು ಮನೆ ಬಿಡುವ ಮೊದಲೇ ಒಂದು ತಿಂಗಳು ಬಿಸಿಲಿನಲ್ಲಿ ಹಣೆ ಸುಟ್ಟುಕೊಂಡ. ಹೆಂಡತಿ ಕೇಳಿದರೆ ತುರಿಕೆ ಎಂದ. ಕೊರಳಿನ ಲಿಂಗದ ಕರಡಿಗೆ ಧೋತರದ ಮಡಿಕೆಗೆ ಇಳಿಯಿತು. ಜಮಖಂಡಿಯ ಧರ್ಮಶಾಲೆಯಲ್ಲಿ ಇಳಿದ ದಿನ ಎಲ್ಲರೂ ನೋಡುವಂತೆ ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸಿದ, ಹೊತ್ತು ಮುಳುಗುವ ಮೊದಲೇ ಉಂಡ. ಆಮೇಲೆ ಪಕ್ಕದವರು ಬಿಸಿ ಜುಣಕಾ ಮುಂದಿಟ್ಟುಕೊಂಡಾಗ ಬಾಯಲ್ಲಿ ನೀರೂರಿದರೂ ಗೋಡೆಗೆ ಮುಖ ಮಾಡಿ ಮಲಗಿದ. ಪರದೇಶವೆಂದರೆ ಸುಮ್ಮನೆ ಸಿಗುತ್ತದೆಯೇ?

ಮರುದಿನದ ವಿಚಾರಣೆ ಅವನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಶಿರಸ್ತೇದಾರ ಚನಮಲ್ಲಪ್ಪ ಎಲೆಯಡಿಕೆ ಮೆಲ್ಲುವ ವಯಸ್ಸಾದ ಮನುಷ್ಯ, ಅವಸರವಿಲ್ಲದವನು. ಮಗ್ಗದ ವಿಷಯ ಕೇಳಿದ, ಬಸದಿಯ ವಿಷಯ ಕೇಳಿದ, ಬೇರೆ ಮಗನಿದ್ದಾನೆಯೇ ಎಂದು ಎರಡು ಸಲ ತಿರುಗಿಸಿ ಕೇಳಿದ. ಶಿವಯೋಗೆಪ್ಪ ಮುತ್ತಿನಂಥ ತನ್ನ ಅಕ್ಷರವನ್ನು ಬೇಕೆಂದೇ ಕೆಡಿಸಿ, ನೇಕಾರನ ಸಹಿ ಗೀಚಿದ. ಆ ಗೀಚು ಅವನಿಗೆ ಎಷ್ಟು ಹಿಡಿಸಿತೆಂದರೆ ಇನ್ನೊಮ್ಮೆ ಹಾಕಲೇ ಎಂದು ಕೇಳಬೇಕೆನ್ನಿಸಿತು. ಮಗನ ಗಾಯದ ಮಾತು ಬಂದಾಗ ಹೀರಾ ಕಲಿಸದಿದ್ದ ಕಣ್ಣೀರನ್ನೂ ತಂದಳು. ಚನಮಲ್ಲಪ್ಪನ ದನಿ ಮೆತ್ತಗಾಯಿತು, ಹೋಗಿ ಬರ್ರಿ, ಪುಣ್ಯವಂತರಿದ್ದೀರಿ ಎಂದ. ಫೋಟೋದವನನ್ನು ಕರೆಯಲು ಪಟ್ಟೇವಾಲಾನಿಗೆ ಹೇಳಿದ. ಶಿವಯೋಗೆಪ್ಪನ ಮೂಗಿಗೆ ಸಮುದ್ರದ ಗಾಳಿಯೇ ಬಡಿದಂತಾಯಿತು.

ಉಳಿದದ್ದು ಹೆಂಗಸಿನ ಹಾಳೆ ತುಂಬುವ ಕೆಲಸ. ತಲೆ ಬಗ್ಗಿಸಿ ಬರೆಯುತ್ತಿದ್ದ ಚನಮಲ್ಲಪ್ಪ, ಗಂಡನ ಹೆಸರು ಎಂಬ ಕಲಮನ್ನು ರೂಢಿಯಂತೆ ಬಾಯಲ್ಲಿ ಓದಿ, ಉತ್ತರಕ್ಕಾಗಿ ಮುಖವೆತ್ತಿ ಗಂಡಸಿನ ಕಡೆ ನೋಡುವ ಮೊದಲೇ ಹೀರಾ, ಕೊನೆಯ ಸಾಲಿನವರಿಗೂ ಕೇಳುವಂಥ ದನಿಯಲ್ಲಿ, "ಪಾರಿಸಪ್ಪ" ಎಂದುಬಿಟ್ಟಳು. ಬರೆಯುತ್ತಿದ್ದ ಲೆಕ್ಕಣಿಕೆ ನಿಂತಿತು. ಬಾಗಿಲಿಗೆ ಹೋಗಿದ್ದ ಪಟ್ಟೇವಾಲಾ ತಿರುಗಿ ನೋಡಿದ. ಚನಮಲ್ಲಪ್ಪ ಕನ್ನಡಕ ತೆಗೆದು ಅವಳ ಕಡೆ ತಿರುಗಿದ. "ಮೂವತ್ತೊಂದ ವರ್ಷ ಆತವ್ವಾ ಈ ಕುರ್ಚಿ ಮ್ಯಾಲ ಕುಂತ. ಗಂಡನ ಹೆಸರು ಬಾಯಿ ತುಂಬ ಹೇಳಿದ ಗರತಿ ನೀನ ಮೊದಲನೇದಾಕಿ." ಶಿವಯೋಗೆಪ್ಪನ ಕಣ್ಣ ಮುಂದೆ ಬೇವಿನ ಗಿಡದ ಕೆಳಗಿನ ಇಪ್ಪತ್ತೆರಡು ವರ್ಷ ಹಾದುಹೋಯಿತು. ಆ ಕಲಮು ಬಂದಾಗ ಅಣ್ಣನನ್ನು ಮುಂದೆ ದೂಡಿದ ಹೆಂಗಸರು, ಗಂಡನ ಹೆಸರಿನ ದೇವರ ಗುಡಿಯ ಕಡೆ ಬೆರಳು ಮಾಡಿದವರು, ಒಡಪಿನಲ್ಲಿ ಸುತ್ತಿ ಹೇಳಿ ನಾಚಿ ನಕ್ಕವರು. ಪ್ರತಿ ಸಲವೂ ಲಗೂ ಹೇಳ್ರಿ ಎಂದು ಗದರಿ, ಪಕ್ಕದವರಿಂದ ಕೇಳಿ ತುಂಬಿಕೊಂಡಿದ್ದವನು ಅವನೇ. ಮೂವತ್ತೈದು ವರ್ಷದ ಸಂಸಾರದಲ್ಲಿ ಕಸ್ತೂರೆವ್ವನ ಬಾಯಲ್ಲಿ ಅವನ ಹೆಸರು ಒಂದು ಸಲವೂ ಬಂದಿರಲಿಲ್ಲ. ಚನಮಲ್ಲಪ್ಪ ಪಟ್ಟೇವಾಲಾನಿಗೆ ಬಾಗಿಲು ಹಾಕಲು ಸನ್ನೆ ಮಾಡಿ, ಬನಹಟ್ಟಿಗೆ ಸೈಕಲ್ಲಿನ ಮೇಲೆ ಒಬ್ಬನನ್ನು ಓಡಿಸಲು ಹೇಳಿದ. ಆಮೇಲೆ ಹೊಸ ಹಾಳೆ ಎಳೆದುಕೊಂಡು ಈ ಕಡೆ ತಿರುಗಿ, "ಇನ್ನ ನೀವು ಹೇಳ್ರಿ, ನಿಮ್ಮ ಖರೆ ಹೆಸರ ಏನ್ರಿ?" ಎಂದ. ಮೂರು ಲಿಪಿ ಬಲ್ಲ ಶಿವಯೋಗೆಪ್ಪ ಅಂಗವಸ್ತ್ರದ ತುದಿಯನ್ನು ಬಾಯಿಗೆ ಹಿಡಿದು, ಹೊಸ ಮದುಮಗಳ ಹಾಗೆ ನೆಲ ನೋಡುತ್ತ ನಿಂತ.