ಯಶವಂತಪುರಕ್ಕೆ ಈ ಕಡೆ

"ಆ ಕಡೆ ಅಲ್ಲ ಚಿಕ್ಕಮ್ಮ, ಈ ಕಡೆ" ಎನ್ನುತ್ತಾ ಶಿಲ್ಪ ರಸ್ತೆ ದಾಟಿಯೇಬಿಟ್ಟಳು.

ಹಿಂದೆ ಶಶಿರೇಖಾ ಚಿಕ್ಕಮ್ಮ. ಅವಳ ಹಿಂದೆ ಚಿಕ್ಕಮ್ಮನ ಪೋಲೆಂಡ್ ಗೆಳತಿ ಮಾರ್ತಾ. ಮಾರ್ತಾಳ ಬೆನ್ನ ಮೇಲೆ ಒಂದು ಬ್ಯಾಗು. ಬ್ಯಾಗು ಅಂದರೆ ಅಂತಿಂಥ ಬ್ಯಾಗಲ್ಲ, ಒಳಗೆ ಎರಡು ಆನೆಮರಿ ಮಲಗಿಸಿ ಮೇಲೆ ಕಂಬಳಿ ಹೊದಿಸಬಹುದಾದಂಥದ್ದು.

"ಯಶವಂತಪುರ ಆ ಕಡೆ ಅಲ್ವೇನೇ?" ಎಂದಳು ಚಿಕ್ಕಮ್ಮ.

"ಸ್ಕೂಟರ್‌ಗೆ ಆ ಕಡೆ. ಬಸ್ಸಿಗೆ ಈ ಕಡೆ."

ಚಿಕ್ಕಮ್ಮನೂ ದಾಟಿದಳು. ಹುಟ್ಟಿದಾಗಿನಿಂದ ಸ್ಕೂಟರ್ ಮೇಲೇ ಇರುವವಳು ಪಾಪ, ಬಸ್ಸಿನ ವಿಷಯ ಅವಳಿಗೇನು ಗೊತ್ತು? ಶಿಲ್ಪಳಿಗೋ, ಗೊತ್ತಿಲ್ಲದ ಬಸ್ಸೇ ಇರಲಿಲ್ಲ. ಹಾರ್ನ್ ಕೇಳಿಯೇ ಡ್ರೈವರ್ ಬೆಳಿಗ್ಗೆ ಇಡ್ಲಿ ತಿಂದನೋ ದೋಸೆ ತಿಂದನೋ ಹೇಳಿಬಿಡುತ್ತಿದ್ದಳು. ಪುಟ್ಟೇನಹಳ್ಳಿಯ ತುಂಬಾ ಹಾಗಂತ ಹೇಳಿಕೊಂಡು ತಿರುಗುತ್ತಿದ್ದವಳೂ ಅವಳೇ.

ಮಾರ್ತಾಳದ್ದು ಒಂದೇ ಹಟ. ಯಾವ ಊರಿಗೆ ಹೋದರೂ ಕ್ಯಾಬ್ ಬೇಡ, ಬಸ್ಸಿನಲ್ಲೇ ತಿರುಗಬೇಕು. ಇವತ್ತು ಯಶವಂತಪುರ ಸ್ಟೇಷನ್‌ನಿಂದ ಸಂಜೆ ಆರಕ್ಕೆ ಹಾಸನದ ರೈಲು. ಆ ರೈಲು ತಪ್ಪಿದರೆ ನಾಳೆಯ ಬೇಲೂರೂ ತಪ್ಪಿದಂತೆ, ನಾಳಿದ್ದು ಅವಳು ವಿಮಾನ ಹತ್ತಬೇಕು. ಯಾರು ಕರೆದುಕೊಂಡು ಹೋಗ್ತೀರಿ ಅಂತ ಮನೆಯಲ್ಲಿ ಕೇಳಿದಾಗ, ಶಿಲ್ಪ ಎರಡೂ ಕೈ ಎತ್ತಿದ್ದಳು. "ಐ ನೋ ಎವ್ರಿಥಿಂಗ್" ಅಂತಲೂ ಹೇಳಿದ್ದಳು.

ಹೇಳದೆ ಇರುತ್ತಾಳೆಯೇ? ಪ್ರತಿ ಶನಿವಾರ ಅಜ್ಜಿ ಮುನಿವೆಂಕಟಮ್ಮನ ಜೊತೆ ಯಶವಂತಪುರದ ಮಾರ್ಕೆಟ್‌ಗೆ ಹೋಗಿ ಈರುಳ್ಳಿ, ಬೆಳ್ಳುಳ್ಳಿ ತರುವವಳು ಅವಳೇ. ಅಜ್ಜಿ ಇವತ್ತು ಚಿಕ್ಕಬಳ್ಳಾಪುರಕ್ಕೆ ನಾಮಕರಣಕ್ಕೆ ಹೋಗಿದ್ದಳು. ಹೋದರೇನು, ಶಿಲ್ಪ ಇದ್ದಳಲ್ಲ.

ಬಸ್ಸು ಬಂತು. ಖಾಲಿ ಖಾಲಿ. ಶಿಲ್ಪ ಹಾರಿ ಹೋಗಿ ಕಿಟಕಿ ಸೀಟು ಹಿಡಿದಳು. ಬಸ್ಸು ಮೊದಲು ಕೊನೆಯ ಸ್ಟಾಪು ಉಪನಗರಕ್ಕೆ ಹೋಗಿ ಅರ್ಧ ಗಂಟೆ ನಿಲ್ಲುತ್ತದೆ, ಆಮೇಲೆ ತಿರುಗಿಕೊಂಡು ನಮ್ಮ ಮನೆ ಮುಂದೆಯೇ ಬರುತ್ತದೆ, ಊರು ಬಿಡುವ ಮುಂಚೆ ನಮ್ಮ ಮನೆಯನ್ನು ಒಮ್ಮೆ ನೋಡದಿದ್ದರೆ ಆ ಬಸ್ಸಿಗೆ ಸಮಾಧಾನವಿಲ್ಲ ಎಂದು ಮಾರ್ತಾಳಿಗೆ ತನ್ನ ಇಂಗ್ಲಿಷಿನಲ್ಲಿ ವಿವರಿಸಿದಳು. ಮಾರ್ತಾ ಅದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು.

ಕಂಡಕ್ಟರ್ ಕದಿರಪ್ಪ ಬಂದ. ಎರಡೂ ಕಡೆ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆ.

"ಏನಮ್ಮಾ, ಅಜ್ಜಿ ಎಲ್ಲಿ? ಎಲ್ಲಿಗೆ ಹೊರಟ್ರಿ?"

"ಯಶವಂತಪುರ ಅಂಕಲ್. ಆರು ಗಂಟೆ ರೈಲು."

ಕದಿರಪ್ಪ ವಾಚು ನೋಡಿದ. ನಾಲ್ಕೂ ಮುಕ್ಕಾಲು. ಮೀಸೆ ಕೆಳಗಿಳಿಯಿತು.

"ನಾವು ಯಶವಂತಪುರದಿಂದ್ಲೇ ಬರ್ತಾ ಇರೋದು ಕಣಮ್ಮ. ಉಪನಗರಕ್ಕೆ ಹೋಗಿ, ಟೀ ಕುಡಿದು ಹೊರಡೋ ಹೊತ್ತಿಗೆ ಐದೂವರೆ. ನೀವು ಆ ಕಡೆಯಿಂದ ಹತ್ಬೇಕಿತ್ತು."

"ಅಜ್ಜಿ ಯಾವಾಗಲೂ ಈ ಕಡೆಯಿಂದ್ಲೇ…"

"ಅಜ್ಜಿ ಒಬ್ರೇ ಬಂದ್ರೆ ಆ ಕಡೆಯಿಂದ್ಲೇ ಹತ್ತೋದು. ರಶ್ಶಲ್ಲಿ ನಿಂತ್ಕೊಂಡೇ ಹೋಗ್ತಾರೆ. ನೀನು ಜೊತೆಗಿದ್ರೆ ಮಾತ್ರ ಉಲ್ಟಾ ಬರ್ತಾರೆ. ಕಿಟಕಿ ಸೀಟು ಸಿಗ್ದಿದ್ರೆ ಮೊಮ್ಮಗಳು ಮೂತಿ ಊದಿಸ್ಕೊಳ್ತಾಳೆ ಅಂತಿದ್ರು."

ಶಿಲ್ಪ ಕಿಟಕಿ ಬಿಟ್ಟು ತನ್ನ ಚಪ್ಪಲಿ ನೋಡತೊಡಗಿದಳು. ಹತ್ತು ವರ್ಷದಲ್ಲಿ ಹಾಗಾಗಿದ್ದು ಇದೇ ಮೊದಲು.

ಕದಿರಪ್ಪ ಸೀಟಿ ಊದಿ ಮುಂದಿನ ಸ್ಟಾಪಿನಲ್ಲಿ ಇಳಿಸಿದ. ಮೂವರೂ ಬ್ಯಾಗಿನೊಂದಿಗೆ ರಸ್ತೆ ದಾಟಿ ಓಡಿದರು. ಹಾಗೆ ಓಡಿದ್ದನ್ನು ನೋಡಿದ್ದರೆ ಒಲಿಂಪಿಕ್ಸಿನವರು ಮೂರು ಪದಕ ಅಲ್ಲೇ ಕೊಟ್ಟು ಹೋಗುತ್ತಿದ್ದರು.

ಯಶವಂತಪುರದ ಕಡೆಯ ಬಸ್ಸು ಬಂದಾಗ ಅದರೊಳಗೆ ಅರ್ಧ ಬೆಂಗಳೂರೇ ಇತ್ತು. ಉಳಿದರ್ಧ ಫುಟ್‌ಬೋರ್ಡಿನ ಮೇಲಿತ್ತು. ಹೇಗೋ ಒಳಗೆ ನುಗ್ಗಿದರು. ಕೂತಿದ್ದ ಹೆಂಗಸರು ಕೇಳುವ ಮೊದಲೇ ಕೈ ಚಾಚಿದರು. ಮಾರ್ತಾಳ ಬ್ಯಾಗು ಇಬ್ಬರ ತೊಡೆಯೇರಿ ಕೂತಿತು. ಟೋಪಿ ಮೂರನೆಯವರ ಮಡಿಲು ಸೇರಿತು. ಬಸ್ಸು ಬಾಗಿದಾಗೆಲ್ಲ ಮಾರ್ತಾ ಜೋಕಾಲಿಯಲ್ಲಿ ಕೂತವಳಂತೆ ನಗುತ್ತಿದ್ದಳು.

ಶಿಲ್ಪಳ ಮೂಗಿನ ಮುಂದೆ ಯಾರದೋ ಟಿಫಿನ್ ಬ್ಯಾಗು. ಕಾಲ ಮೇಲೆ ಯಾರದೋ ಚಪ್ಪಲಿ. ಕಿಟಕಿಯಂತೂ ಏಳು ಸಮುದ್ರದಾಚೆ. ಎಲ್ಲಿ ಬಂದೆವು ಅಂತ ಅವಳಿಗೆ ತಿಳಿಯಲೇ ಇಲ್ಲ. ಅವಳಿಗೆ ಗೊತ್ತಿದ್ದ ದಾರಿಯೆಲ್ಲ ಕಿಟಕಿಯಲ್ಲೇ ಇತ್ತು.

ಇನ್ನೆಷ್ಟು ದೂರ ಎಂದು ಮಾರ್ತಾ ಕೇಳಿದಳು. ಐದು ನಿಮಿಷ ಅಂದುಬಿಡೋಣ ಅನ್ನಿಸಿತು. ನಾಲಿಗೆಯ ತುದಿಗೂ ಬಂತು. ಶಿಲ್ಪ ಅದನ್ನು ನುಂಗಿದಳು.

"ಐ ಡೋಂಟ್ ನೋ" ಎಂದಳು. ಆಮೇಲೆ ಪಕ್ಕದವರ ಸೆರಗು ಮೆಲ್ಲಗೆ ಎಳೆದಳು. "ಆಂಟಿ, ಎಲ್ಲಿದೀವಿ? ನಮ್ಗೆ ಆರು ಗಂಟೆ ರೈಲಿದೆ."

ಅಷ್ಟೇ ಸಾಕಾಯಿತು. ಇಡೀ ಬಸ್ಸಿಗೇ ರೈಲು ಹಿಡಿಯುವ ಅವಸರ ಹತ್ತಿಕೊಂಡಿತು. ಈಗ ಗಂಗಮ್ಮ ಸರ್ಕಲ್ ಅಂತ ಒಬ್ಬರು, ಬಿಇಎಲ್ ಸರ್ಕಲ್ ಸಿಗ್ನಲ್ ಬಿಟ್ಟಿತು ಅಂತ ಇನ್ನೊಬ್ಬರು, ಮತ್ತಿಕೆರೆ ದಾಟಿತು, ಬಾಗಿಲ ಹತ್ತಿರ ಹೋಗಿ ನಿಂತ್ಕೊಳ್ಳಿ ಅಂತ ಮತ್ತೊಬ್ಬರು. ಬ್ಯಾಗು ತಲೆಗಳ ಮೇಲೆ ತೇಲುತ್ತಾ ಮುಂದೆ ಬಂತು. ಅದರ ಹಿಂದೆಯೇ ಟೋಪಿ ಬಂತು.

ಇಳಿದಾಗ ಆರಕ್ಕೆ ಹನ್ನೊಂದು ನಿಮಿಷ. ಮತ್ತೆ ಓಟ. ಮೆಟ್ಟಿಲು, ಸೇತುವೆ, ಮತ್ತೆ ಮೆಟ್ಟಿಲು. ರೈಲು ಇನ್ನೂ ನಿಂತಿತ್ತು. ಮಾರ್ತಾ ಹತ್ತಿ, ಬ್ಯಾಗು ಒಳಗೆಳೆದುಕೊಂಡು, ತಿರುಗಿ ನಿಂತಳು. ಮೊದಲು ಉಲ್ಟಾ ಕಡೆಗೆ ಯಾಕೆ ಹೋಗಿದ್ದು ಅಂತ ಆಗಲೇ ಕೇಳಿದ್ದು.

ಸಿಟಿ ಟೂರ್ ಅನ್ನಬಹುದಿತ್ತು. ಮಾರ್ತಾ ನಂಬುತ್ತಲೂ ಇದ್ದಳು.

"ನನ್ನ ಅಜ್ಜಿ ನಂಗೋಸ್ಕರ ಹಾಗೆ ಹೋಗ್ತಾ ಇದ್ಲು" ಎಂದಳು ಶಿಲ್ಪ. "ನಂಗೆ ಗೊತ್ತಿರ್ಲಿಲ್ಲ."

ಚಿಕ್ಕಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ರೈಲು ಹೊರಟಿತು. ಮಾರ್ತಾ ಬಾಗಿಲಲ್ಲಿ ನಿಂತು, ಕಣ್ಣಿಗೆ ಕಾಣುವವರೆಗೂ ಟೋಪಿ ಬೀಸಿದಳು.

ಮುಂದಿನ ಶನಿವಾರ ಅಜ್ಜಿ ಚೀಲ ಹಿಡಿದು ಎಂದಿನಂತೆ ಉಲ್ಟಾ ಬಸ್ಸಿನ ಕಡೆಗೆ ರಸ್ತೆ ದಾಟಿದಳು. ಶಿಲ್ಪ ಹಿಂಬಾಲಿಸಿದಳು. ಖಾಲಿ ಬಸ್ಸು ಬಂತು. ಹಾರಿ ಹೋಗಿ ಸೀಟು ಹಿಡಿದಳು, ಆಮೇಲೆ ಎದ್ದು ನಿಂತು ದಾರಿ ಬಿಟ್ಟಳು.

"ನೀನು ಒಳಗಡೆ ಕೂತ್ಕೋ ಅಜ್ಜಿ."

"ಯಾಕೆ, ಇವತ್ತು ಕಿಟ್ಕಿ ಬ್ಯಾಡ್ವಾ?"

ಶಿಲ್ಪ ಅಜ್ಜಿಯ ಕೈಯಿಂದ ಚೀಲ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಉಪನಗರ ಮುಗಿಸಿ ಬಸ್ಸು ತಿರುಗಿ ಬಂತು. ಪುಟ್ಟೇನಹಳ್ಳಿ ಬರುತ್ತಲೇ ಅಜ್ಜಿ ಕಿಟಕಿಯ ಕಂಬಿಗೆ ಮೂಗು ಒತ್ತಿ, ಶಿಲ್ಪಳ ಮೊಣಕೈ ಜಗ್ಗಿದಳು.

"ಏ ಮಗಾ, ಅಲ್ನೋಡು. ನಮ್ಮನೆ ಎಂಗೆ ಓಡ್ತೈತೆ."