ಡ್ರಾವರಿನಲ್ಲಿ ಉಳಿದ ಅರ್ಜಿ

"ನಿಲ್ಸಿ! ಅದು ಕುಡಿಯುವ ನೀರು!"

ಕರಿಬೇವಿನ ಗಿಡದ ಬುಡಕ್ಕೆ ಬಕೆಟ್ ಬಗ್ಗಿಸುತ್ತಿದ್ದವನು ಬೆಚ್ಚಿ ತಲೆಯೆತ್ತಿದ. ಸೌದಿಯ ರಾಸ್ ತನೂರಾದ ಆಗಸ್ಟ್ ಬಿಸಿಲು. ಕಾರ್ಮಿಕರ ಕ್ಯಾಂಪಿನ ಅಡುಗೆಮನೆಯ ಹಿಂಬದಿ. ಸಿಟ್ಟಿನ ಭರದಲ್ಲಿ ಶಮೀನಾಳ ಬಾಯಿಂದ ಬಂದದ್ದು ಅಚ್ಚ ಕನ್ನಡ. ಉತ್ತರವೂ ಕನ್ನಡದಲ್ಲೇ ಬಂತು!

"ನೀವು ಯಾರು ಮೇಡಂ?"

"ಆಫೀಸಿಂದ. ಕ್ಯಾಂಪಿನ ದೂರು ನೋಡ್ಕೊಳ್ಳುವವಳು. ಟ್ಯಾಂಕರಿನ ಸಿಹಿನೀರು ಕದ್ದು ಯಾರೋ ಗಿಡ ಸಾಕ್ತಿದ್ದಾರೆ ಅಂತ ಮೂರು ಕಂಪ್ಲೇಂಟ್ ಬಂದಿದೆ."

"ಹಾಗಾದ್ರೆ ಸ್ವಲ್ಪ ಕುಡಿದು ನೋಡಿ" ಎಂದು ಅವನು ಬಕೆಟ್ ಮುಂದೆ ಹಿಡಿದ. ಹಟಮಾರಿ ಶಮೀನಾ ಕೈ ಅದ್ದಿಯೇಬಿಟ್ಟಳು!

"ಅಯ್ಯೋ, ಬೇಡ ಮಾರಾಯ್ರೆ! ಮುನ್ನೂರು ಜನ ನಮಾಝಿಗೆ ಮುಂಚೆ ಕೈಕಾಲು ತೊಳೆದ ನೀರು ಅದು. ಚರಂಡಿಗೆ ಹೋಗುವ ಬದಲು ಇವಳ ಹೊಟ್ಟೆಗೆ ಹೋಗ್ಲಿ ಅಂತ ಹಿಡಿದಿಟ್ಟದ್ದು."

'ಇವಳು' ಎಂದರೆ ಕರಿಬೇವಿನ ಗಿಡ. ಶಮೀನಾ ದುಪಟ್ಟಾದಿಂದ ಕೈ ಒರೆಸಿಕೊಂಡಳು. ನಗಬಾರದು ಅಂದುಕೊಂಡಳು... ಆದರೂ ನಕ್ಕುಬಿಟ್ಟಳು.

ಅವನ ಹೆಸರು ಝುಹೈರ್. ಸುರತ್ಕಲ್ಲಿನವನು, ಕ್ಯಾಂಪಿನ ಅಡುಗೆ ಸ್ಟೋರಿನ ಉಸ್ತುವಾರಿ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಾಯಿಗೆ ಐದು ಭಾಷೆ ಬರುತ್ತಿತ್ತು. ಕೈಗೆ ಬರುತ್ತಿದ್ದದ್ದು ಕನ್ನಡ ಒಂದೇ.

ಅಂದಿನಿಂದ ಪ್ರತಿ ಗುರುವಾರ ಶಮೀನಾಳ ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಕರಿಬೇವಿನ ಕಟ್ಟೊಂದು ಬಂದು ಕೂರತೊಡಗಿತು. ಪಕ್ಕದ ಊರು ಖತೀಫಿನಲ್ಲಿ ಅವಳು ಅಣ್ಣ ಇಲ್ಯಾಸನ ಮನೆಯಲ್ಲಿದ್ದಳು. ಅತ್ತಿಗೆ ಶಬ್ನಮ್ ಸೊಪ್ಪು ಮೂಸಿ ನೋಡಿ ಕೇಳಿದಳು, "ಇಷ್ಟು ಘಮ ಬರುವುದು ಯಾವ ಅಂಗಡಿದು?"

"ಆಫೀಸಿಂದು ಅತ್ತಿಗೆ."

"ಹೌದಾ? ನಿಮ್ಮ ಆಫೀಸಿನ ಫೈಲಿನಲ್ಲಿ ಕರಿಬೇವೂ ಬೆಳೀತದಾ?"

ಶಮೀನಾ ಕೆಂಪಾದಳು. ಅತ್ತಿಗೆ ಸೊಪ್ಪನ್ನು ಒಗ್ಗರಣೆಗೆ ಹಾಕಿದಳು.

* * *

ಮರುವರ್ಷದ ಬೇಸಿಗೆಯಲ್ಲಿ ಕ್ಯಾಂಪಿನಲ್ಲಿ ಜಗಳ ಹೊತ್ತಿಕೊಂಡಿತು. ಟ್ಯಾಂಕರ್ ದಿನ ಬಿಟ್ಟು ದಿನ ಬರತೊಡಗಿದ್ದೇ ನೆಪ. ಅಡುಗೆಯವರಿಗೂ ಲಾಂಡ್ರಿಯವರಿಗೂ ಸಿಹಿನೀರಿಗಾಗಿ ಹೊಡೆದಾಟ! ಒಬ್ಬನ ತಲೆಗೆ ಸೌಟಿನ ಏಟು, ಇನ್ನೊಬ್ಬನ ಕೈಗೆ ಬಿಸಿ ಇಸ್ತ್ರಿಪೆಟ್ಟಿಗೆ.

ಶಮೀನಾ ಹೇಳಿಕೆ ಬರೆದುಕೊಳ್ಳಲು ಹೋದಾಗ ಝುಹೈರ್ ದೊಡ್ಡ ಹರಿವಾಣವೊಂದರಲ್ಲಿ ಅನ್ನ, ಮೀನು ಸಾರು ತಂದು ಎರಡೂ ಕಡೆಯವರ ನಡುವೆ ಇಟ್ಟ.

"ಎಲ್ಲ ಇದ್ರಲ್ಲೇ ಕೈ ಹಾಕಿ. ಮೊದಲು ಊಟ, ಮಾತು ಆಮೇಲೆ."

"ಇವನೊಟ್ಟಿಗಾ? ನನ್ನ ತಲೆ ಒಡೆದವನೊಟ್ಟಿಗಾ?"

"ತಲೆ ಒಡೆದಿದೆ, ಹೊಟ್ಟೆ ಸರಿ ಉಂಟಲ್ಲ? ಯಲ್ಲಾ, ಕೂತ್ಕೊ!"

ಒಂದೇ ಹರಿವಾಣಕ್ಕೆ ಕೈ ಹಾಕಿದವರು ಎದುರಿನವನ ಮುಖ ನೋಡದೆ ಎಷ್ಟು ಹೊತ್ತು ತಿಂದಾರು? ಊಟ ಮುಗಿಯುವಾಗ ಸಿಟ್ಟು ಅರ್ಧ ಇಳಿದಿತ್ತು. ಆಮೇಲೆ ಮೂರು ಸಂಜೆ ಕೂತು ಲೆಕ್ಕ ಮಾಡಿದರು: ಟ್ಯಾಂಕರಿನ ನೀರು ಕುಡಿಯಲು ಮತ್ತು ಅಡುಗೆಗೆ, ನಲ್ಲಿಯ ಉಪ್ಪುನೀರು ಬಟ್ಟೆಗೆ, ಕೊನೆಯ ಸಲ ಜಾಲಿಸಲು ಮಾತ್ರ ಎರಡು ಬಕೆಟ್ ಸಿಹಿನೀರು. ಜಗಳ ಮತ್ತೆ ತಲೆ ಎತ್ತಲಿಲ್ಲ.

ಶಮೀನಾ ಎಲ್ಲವನ್ನೂ ಬರೆದುಕೊಂಡಳು. ಅವಳ ಕೆಲಸ ಅಷ್ಟೇ, ಬರೆದುಕೊಳ್ಳುವುದು. ಆರು ವರ್ಷದಿಂದ ಅಷ್ಟೇ...

* * *

ತರಬೇತಿಯ ಪ್ರಕಟಣೆ ಅವಳ ಮೊಬೈಲಿಗೆ ಬಂದದ್ದು ಆ ಚಳಿಗಾಲದ ಜನವರಿಯಲ್ಲಿ. ಸುಸ್ಥಿರ ಅಭಿವೃದ್ಧಿ ಮತ್ತು ಸಂಘರ್ಷ ಪರಿಹಾರ. ಜೋರ್ಡಾನಿನಲ್ಲಿ ಆರು ವಾರ, ವರ್ಷಕ್ಕೊಮ್ಮೆ ಮಾತ್ರ. ವಯಸ್ಸು ಮೂವತ್ತೈದರೊಳಗೆ. ಡಿಗ್ರಿ ಇಲ್ಲದಿದ್ದರೂ ಅನುಭವ ಇದ್ದರೆ ಸಾಕು.

"ಹಾಗಂದ್ರೆ ಎಂತ?" ಝುಹೈರ್ ಕೇಳಿದ.

"ನೀರು, ಮಣ್ಣು ಎಲ್ಲ ಮುಂದಿನವರಿಗೂ ಉಳಿಯುವ ಹಾಗೆ ಬದುಕುವುದು. ಮತ್ತೆ ಜಗಳ ಬಿಡಿಸುವುದು."

"ಅಲ್ಲಾ, ಇದಕ್ಕೂ ಕ್ಲಾಸ್ ಉಂಟಾ!" ಅವನು ಜೋರಾಗಿ ನಕ್ಕ. ಮತ್ತೆ ದನಿ ತಗ್ಗಿತು. "ನನ್ನಂಥವರನ್ನು ತಗೊಳ್ತಾರಾ? ಡಿಸೆಂಬರಿಗೆ ಮೂವತ್ತೈದು ತುಂಬ್ತದೆ. ಇದೇ ಕೊನೇ ಚಾನ್ಸು... ನನ್ನ ಫಾರ್ಮ್ ನೀವು ತುಂಬಿಸಿ ಕೊಡ್ತೀರಾ?"

"ಕೊಡ್ತೇನೆ. ನಾನೂ ಹಾಕ್ತೇನೆ."

ಅವನು ಹೇಳಿದ, ಅವಳು ಇಂಗ್ಲಿಷಿನಲ್ಲಿ ಬರೆದಳು. ಹರಿವಾಣದ ಕಥೆ ಹೇಳುವಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು. ಕೊನೆಯಲ್ಲಿ ಕನ್ನಡದಲ್ಲಿ ಸಹಿ ಹಾಕಿದ, ಶಾಲೆಯ ಹುಡುಗನ ಹಾಗೆ ನಾಲಿಗೆ ಕಚ್ಚಿಕೊಂಡು.

ಕಡೆಯ ದಿನ ಅರ್ಜಿ ಕಳಿಸಲು ಕೂತಾಗಲೇ ಶಮೀನಾ ಆ ಸಾಲನ್ನು ಗಮನಿಸಿದ್ದು: ಒಂದು ಸಂಸ್ಥೆಯಿಂದ ಒಂದೇ ಅರ್ಜಿ.

ಅವಳ ಫಾರ್ಮಿನಲ್ಲಿ ಒಂದು ಪ್ರಶ್ನೆಗೆ ಇನ್ನೂ ಉತ್ತರ ಇರಲಿಲ್ಲ. 'ನೀವು ಬಗೆಹರಿಸಿದ ಒಂದು ಜಗಳವನ್ನು ವಿವರಿಸಿ.'

'ನಾನು ಯಾವ ಜಗಳ ಬಗೆಹರಿಸಿದ್ದೇನೆ? ಒಂದೂ ಇಲ್ಲ...'

ಕಚೇರಿ ಮುಚ್ಚಲು ಅರ್ಧ ಗಂಟೆ ಇತ್ತು. ಕೆಳಗಿಳಿದು ಅವನನ್ನು ಕೇಳಬಹುದಿತ್ತು. ಕೇಳಲಿಲ್ಲ. 'ಹತ್ತನೇ ಕ್ಲಾಸಿನವರನ್ನು ಅವರು ಹೇಗೂ ತಗೊಳ್ಳುವುದಿಲ್ಲ' ಎಂದು ತನಗೆ ತಾನೇ ಹೇಳಿಕೊಂಡಳು. ಅವನ ಕಥೆಯನ್ನು ತನ್ನ ಫಾರ್ಮಿಗೆ ಇಳಿಸಿದಳು. 'ಝುಹೈರ್' ಇದ್ದಲ್ಲೆಲ್ಲ 'ನಾನು' ಎಂದು ಮಾಡಿದಳು. ಕಥೆ ನಿಜವೇ ಎಂದು ವಿಚಾರಿಸಲು ತರಬೇತಿಯವರಿಗೆ ಜಗಳದಲ್ಲಿದ್ದ ಒಬ್ಬರ ಫೋನ್ ನಂಬರ್ ಬೇಕಿತ್ತು. ಅಡುಗೆಯ ಸಾಲಿಮಾಕನದ್ದು ಕೊಟ್ಟಳು. ಇಂಗ್ಲಿಷಿನಲ್ಲಿ ಏನು ಕೇಳಿದರೂ 'ಯೆಸ್ ಯೆಸ್' ಅನ್ನುವ ಮುದುಕ.

ಝುಹೈರನ ಅರ್ಜಿ ಡ್ರಾವರಿನೊಳಗೆ ಹೋಯಿತು.

"ಕಳಿಸಿದ್ರಾ?" ಸಂಜೆ ಅವನು ಕೇಳಿದ.

"ಎರಡೂ ಕಳಿಸಿದೆ" ಎಂದಳು ಶಮೀನಾ. ಅವನ ಮುಖ ನೋಡದೆ.

* * *

ತಿಂಗಳ ಮೇಲೆ ಆಯ್ಕೆಯ ಪತ್ರ ಬಂತು. ಆಫೀಸಿನಲ್ಲಿ ಎಲ್ಲರೂ ಅಭಿನಂದಿಸಿದರು. ಝುಹೈರ್ ಮಾತ್ರ ಬರಲಿಲ್ಲ. ಆ ಗುರುವಾರ ಕರಿಬೇವು ಬರಲಿಲ್ಲ, ಮುಂದಿನ ಗುರುವಾರವೂ ಇಲ್ಲ. ಅವನೇ ಕೇಳಿಕೊಂಡು ದೂರದ ನಜ್ರಾನಿನ ಸೈಟಿಗೆ ವರ್ಗ ಮಾಡಿಸಿಕೊಂಡ ಕಾಗದ ಅವಳ ಮೇಜಿಗೇ ಬಂತು!

'ಹೊಟ್ಟೆಕಿಚ್ಚು! ತನಗೆ ಸಿಗಲಿಲ್ಲ ಅಂತ... ಗಂಡಸರೆಲ್ಲ ಇಷ್ಟೇ!'

ತನ್ನ ತಪ್ಪಿನ ಮೇಲೆ ಸಿಟ್ಟು ಮುಚ್ಚಿ ಕೂರುವುದು ಎಷ್ಟು ಸುಲಭ! ದಡದಡ ಇಳಿದು ಸ್ಟೋರಿನ ಬಾಗಿಲಲ್ಲಿ ನಿಂತಳು.

"ನನಗೆ ಸಿಕ್ಕಿದ್ದು ನೋಡ್ಲಿಕ್ಕೆ ಆಗುದಿಲ್ಲ ಅಂತ ಊರು ಬಿಟ್ಟು ಹೋಗ್ತೀರಾ?"

ಝುಹೈರ್ ಅಕ್ಕಿ ಮೂಟೆಯಿಂದ ಕೈ ತೆಗೆದು ಅವಳನ್ನೇ ನೋಡಿದ.

"ಒಳ್ಳೇದಾಗ್ಲಿ ಮೇಡಂ" ಎಂದು ಹೊರಗೆ ನಡೆದುಬಿಟ್ಟ.

ಮೂಲೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದ ಸಾಲಿಮಾಕ ಚಾಕು ಕೆಳಗಿಟ್ಟ.

"ಎಂತ ಮಾತಾಡಿದೆ ಮಗಳೇ ನೀನು? ಅವತ್ತು ಆ ಜೋರ್ಡಾನಿನವರ ಫೋನ್ ನಂಗೆ ಬಂತು. ನಂಗೆ ಇಂಗ್ಲಿಷ್ ಎಲ್ಲಿಂದ ಬರ್ಬೇಕು? ಯಾವಾಗಿನ ಹಾಗೆ ಅವನ ಕೈಗೆ ಕೊಟ್ಟೆ."

"ಅವನು ಎಂತ ಹೇಳಿದ?" ಎಂದು ಶಮೀನಾ ಕೇಳಿದಳು.

"ಹೌದು, ಶಮೀನಾ ಮೇಡಮೇ ಆ ಜಗಳ ಬಿಡಿಸಿದ್ದು ಅಂದ. ಆಮೇಲೆ ಮೆಲ್ಲ ಕೇಳಿದ, ಝುಹೈರ್ ಅಂತ ಒಂದು ಅರ್ಜಿ ಬಂದಿದೆಯಾ ಅಂತ. ಆ ಹೆಸರಿದ್ದು ಇಲ್ಲ ಅಂದ್ರಂತೆ. ಫೋನ್ ನಂಗೆ ಕೊಟ್ಟ... ಚಾ ಕೂಡ ಕುಡೀಲಿಲ್ಲ ಆ ದಿವಸ."

ಅವನಿಗೆ ಗೊತ್ತಿತ್ತು! ಆಯ್ಕೆಗೂ ಮುಂಚೆಯೇ... ಎಲ್ಲ ಗೊತ್ತಿದ್ದೂ...

* * *

ಮರುದಿನ ಶಮೀನಾ ತರಬೇತಿಯವರಿಗೆ ಪತ್ರ ಬರೆದಳು. ಕಥೆ ನನ್ನದಲ್ಲ, ಝುಹೈರ್ ಅವರದ್ದು. ಅವರ ಅರ್ಜಿ ನಾನೇ ತಡೆದಿಟ್ಟೆ. ನನ್ನ ಸೀಟು ಅವರಿಗೆ ಕೊಡಿ.

ಉತ್ತರ ಎರಡೇ ದಿನಕ್ಕೆ ಬಂತು. ನಿಜ ಹೇಳಿದ್ದಕ್ಕೆ ಧನ್ಯವಾದ. ನಿಮ್ಮ ಆಯ್ಕೆ ರದ್ದಾಗಿದೆ. ಅವಧಿ ಮುಗಿದ ಮೇಲೆ ಹೊಸ ಅರ್ಜಿ ತೆಗೆದುಕೊಳ್ಳುವಂತಿಲ್ಲ. ಸೀಟು ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ.

ಡಿಸೆಂಬರಿಗೆ ಅವನಿಗೆ ಮೂವತ್ತೈದು. ಆ ಜನ್ಮದಿನಾಂಕವನ್ನು ಬರೆದದ್ದು ಅವಳ ಕೈಯೇ!

ಬುಧವಾರ ಮಧ್ಯಾಹ್ನ ಡ್ರಾವರಿನ ಅರ್ಜಿ ಹಿಡಿದು ಅಡುಗೆಮನೆಗೆ ಹೋದಳು. ಗುರುವಾರ ಅವನ ಬಸ್ಸು. ಸಾಲಿಮಾಕ ಬಾಗಿಲ ಬಳಿ ಬೆನ್ನು ತಿರುಗಿಸಿ ಕೂತ.

"ಝುಹೈರ್... ನಾನು..."

"ಮೊದಲು ಊಟ" ಎಂದ ಅವನು. ಎರಡು ಬೇರೆ ಬೇರೆ ತಟ್ಟೆಗಳಲ್ಲಿ ಅನ್ನ ಬಡಿಸಿದ. ಅವಳಿಗೆ ಒಂದು ತುತ್ತೂ ಇಳಿಯಲಿಲ್ಲ. ಅರ್ಜಿಯನ್ನು ಅವನ ಮುಂದಿಟ್ಟಳು.

"ನಿಮ್ಮ ಚಾನ್ಸು ನಾನು ತಿಂದೆ. ವಾಪಸ್ ಕೊಡ್ಲಿಕ್ಕೆ ಹೋದೆ... ಆಗ್ಲಿಲ್ಲ. ಇನ್ನು ಯಾವತ್ತೂ ಆಗುದಿಲ್ಲ." ಕಣ್ಣೀರು ತಟ್ಟೆಗೇ ಬಿತ್ತು. "ಬೈಯಿರಿ. ಸುಮ್ಮನಿರ್ಬೇಡಿ."

"ಸಿಟ್ಟು ಬರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಫೋನ್ ಇಟ್ಟ ಮೇಲೆ ಅರ್ಧ ಮೂಟೆ ಈರುಳ್ಳಿ ಹೆಚ್ಚಿದೆ. ಅದಾದ್ರೆ ಕಣ್ಣಲ್ಲಿ ನೀರು ಯಾಕೆ ಅಂತ ಯಾರೂ ಕೇಳುದಿಲ್ಲ ನೋಡಿ."

"ಮತ್ತೆ ಹೌದು ಅಂತ ಯಾಕೆ ಹೇಳಿದ್ರಿ?"

ಅವನು ಅರ್ಜಿಯ ಕೊನೆಯಲ್ಲಿದ್ದ ತನ್ನ ಸಹಿಯನ್ನು ಬೆರಳಿಂದ ಸವರಿದ.

"ನೀವು ಸುಳ್ಳು ಹೇಳಿದ್ದೀರಿ ಅಂತ ಗುರ್ತಿಲ್ಲದ ಒಬ್ಬನ ಹತ್ರ ಹೇಳ್ಲಿಕ್ಕೆ ನಾಲಿಗೆ ಏಳ್ಲಿಲ್ಲ... ಒಂದು ಮಾತು ಕೇಳ್ಬಹುದಿತ್ತು ಶಮೀನಾ. ಕಥೆ ನಾನೇ ಕೊಡ್ತಿದ್ದೆ. ಸೀಟೂ."

ಮೊದಲ ಸಲ ಅವನ ಬಾಯಲ್ಲಿ 'ಮೇಡಂ' ಇಲ್ಲದ ತನ್ನ ಹೆಸರು! ಅದನ್ನು ಕೇಳಿದ್ದು ಇಂಥ ಹೊತ್ತಿನಲ್ಲಿ...

"ಹೋಗ್ಲೇಬೇಕಾ ನಜ್ರಾನಿಗೆ?"

"ಕಾಗದ ಆಗಿದೆ, ಇನ್ನು ಎಂತ ಮಾಡುದು. ಆರು ತಿಂಗಳು. ಅಲ್ಲಿಯೂ ನೀರಿಗೆ ಜಗಳ ಉಂಟಂತೆ." ಸಣ್ಣಗೆ ನಕ್ಕ. "ಸರ್ಟಿಫಿಕೇಟ್ ಇಲ್ಲದೆ ಬಿಡಿಸ್ತೇನೆ."

ಆ ನಗು ಅವಳನ್ನು ಇನ್ನಷ್ಟು ಸುಟ್ಟಿತು. ಮುಂದಿದ್ದ ಎರಡು ತಟ್ಟೆಗಳನ್ನು ನೋಡಿದಳು.

"ಜಗಳ ಆಡಿದವರಿಗೆ ಒಂದೇ ಹರಿವಾಣ ಅಲ್ವಾ ನಿಮ್ಮ ಲೆಕ್ಕ? ನಂಗೆ ಮಾತ್ರ ಯಾಕೆ ಬೇರೆ ತಟ್ಟೆ? ಅಷ್ಟು ದೂರ ಆದೆನಾ ನಾನು?"

ಝುಹೈರ್ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾದದ್ದನ್ನು ಅವಳು ಮೊದಲ ಸಲ ಕಂಡಳು.

"ನಿಮ್ಮೊಟ್ಟಿಗೆ ಒಂದೇ ಹರಿವಾಣಕ್ಕೆ ಕೈ ಹಾಕ್ಲಿಕ್ಕೆ... ನಿಮ್ಮ ಅಣ್ಣನ ಒಪ್ಪಿಗೆ ಬೇಕಾಗ್ತದೆ."

ಬಾಗಿಲ ಬಳಿ ಸಾಲಿಮಾಕ ಸುಮ್ಮನೆ ಕೆಮ್ಮಿದ.

ಶಮೀನಾ ಕಣ್ಣೆತ್ತಿ ಅವನನ್ನು ನೋಡಿದಳು. "ನಾನು ಇಷ್ಟು ಮಾಡಿದ ಮೇಲೂ?"

"ಮರೆತಿದ್ದೇನೆ ಅಂತ ಹೇಳುದಿಲ್ಲ. ಸ್ವಲ್ಪ ಸಮಯ ಬೇಕು ನಂಗೆ. ಆದ್ರೆ ಆ ಸಮಯ ನಿಮ್ಮನ್ನು ಬಿಟ್ಟು ಕಳೀಲಿಕ್ಕಲ್ಲ."

ಅವಳು ಕಣ್ಣೊರೆಸಿಕೊಂಡಳು. "ಇಲ್ಯಾಸಣ್ಣ ಶುಕ್ರವಾರ ಮನೆಯಲ್ಲೇ ಇರ್ತಾನೆ."

"ಶುಕ್ರವಾರ ನಾನು ನಜ್ರಾನಿನಲ್ಲಿ."

"ಫೋನ್ ಮಾಡಿ... ಎಲ್ಲ ಹೇಳಿ. ನಾನು ಮಾಡಿದ್ದೂ ಹೇಳಿ."

"ಅದು ನೀವೇ ಹೇಳಿ. ನಿಮ್ಮ ಕಥೆ ಅದು." ತಟ್ಟೆಯನ್ನು ಮೆಲ್ಲನೆ ಅವಳ ಕಡೆ ಸರಿಸಿದ. "ಈಗ ತಿನ್ನಿ. ಮಾತು ಆಮೇಲೆ."

"ಎಷ್ಟು ಆಮೇಲೆ?"

"ಆರು ತಿಂಗಳು. ಅಷ್ಟರವರೆಗೆ ಹಿಂಬದಿಯ ಗಿಡಕ್ಕೆ ನೀರು ಹಾಕ್ತೀರಾ?"

"ಕೈಕಾಲು ತೊಳೆದ ನೀರೇ ಅಲ್ವಾ?"

"ಮತ್ತೆ? ಸಿಹಿನೀರು ಮುಟ್ಟಿದ್ರೆ ಕಂಪ್ಲೇಂಟ್ ಕೊಡ್ತೇನೆ!"

ಅಳುತ್ತಲೇ ನಕ್ಕು, ಶಮೀನಾ ಮೊದಲ ತುತ್ತು ಎತ್ತಿದಳು.